ಮೂರು ಸಲ ಕೇಳಬೇಕು

ನಮ್ಮ ವೂಶಿ ಊರಿನ ಹೊಸ ಬಡಾವಣೆಯಲ್ಲಿ, ಕಾಲುವೆಯ ಆಚೆ ದಡದಲ್ಲಿ, ಡೆನ್ಮಾರ್ಕಿನವರದೊಂದು ಕಾರ್ಖಾನೆ ಇದೆ. ಹಾಲಿನ ಡೈರಿಗಳಿಗೆ ಬೇಕಾದ ಉಕ್ಕಿನ ಕವಾಟಗಳನ್ನು, ಅಂದರೆ ವಾಲ್ವುಗಳನ್ನು, ಅಲ್ಲಿ ಮಾಡುತ್ತಾರೆ. ಹಾಲು ಕುಡಿದರೆ ಹೊಟ್ಟೆ ಉಬ್ಬರಿಸುತ್ತದೆ ಎನ್ನುವ ಜನರ ನಡುವೆ ಬಂದು ಹಾಲಿನ ಕವಾಟ ಮಾಡಲು ಕೂತವರ ಧೈರ್ಯವನ್ನು ಮೆಚ್ಚಲೇಬೇಕು. ಆ ಕಾರ್ಖಾನೆಯಲ್ಲಿ ಪು ಯಾಜುವಾನ್ ಎಂಬವಳು ಸಿಬ್ಬಂದಿ ವಿಭಾಗದ ಮುಖ್ಯಸ್ಥೆಯಾಗಿದ್ದಳು. ಅದು ಬಾಗಿಲ ಮೇಲಿನ ಹೆಸರು. ಜನರ ಬಾಯಲ್ಲಿ ಅವಳು ಪು ಅಕ್ಕ. ಅವಳ ಕೆಲಸಕ್ಕೆ ಏನೇನೋ ದೊಡ್ಡ ಹೆಸರುಗಳಿದ್ದರೂ ನಿಜವಾಗಿ ಇದ್ದದ್ದು ಒಂದೇ ಕೆಲಸ, ಬಿಟ್ಟು ಹೋಗುತ್ತೇನೆ ಎಂದವರನ್ನು ಹೋಗದಂತೆ ನಿಲ್ಲಿಸುವುದು.

ಆ ಬಡಾವಣೆಯಲ್ಲಿ ಅದೇನು ಸುಲಭದ ಕೆಲಸವಲ್ಲ. ರಸ್ತೆಯ ಈ ಬದಿಗೆ ಜಪಾನಿನವರ ಕಾರ್ಖಾನೆ, ಆ ಬದಿಗೆ ಜರ್ಮನಿಯವರದು, ಮೂಲೆಯಲ್ಲಿ ಕೊರಿಯಾದವರದು. ಮಧ್ಯಾಹ್ನ ಗೇಟಿನ ಹೊರಗೆ ಸಿಗರೇಟು ಸೇದುತ್ತ ನಿಂತ ಹುಡುಗರು ಪಕ್ಕದ ಕಾರ್ಖಾನೆಯ ಊಟದಲ್ಲಿ ಹಂದಿಮಾಂಸದ ತುಂಡು ದೊಡ್ಡದೋ ಚಿಕ್ಕದೋ ಎಂದು ವಿಚಾರಿಸಿಕೊಂಡು, ಮುಂದಿನ ತಿಂಗಳು ಅಲ್ಲಿಯ ಸಮವಸ್ತ್ರದಲ್ಲಿ ಕಾಣಿಸಿಕೊಳ್ಳುತ್ತಿದ್ದರು. ಹೊಸ ವರ್ಷದ ಹಬ್ಬಕ್ಕೆಂದು ರೈಲು ಹತ್ತಿದವರು ತಿರುಗಿ ಬಂದರೆ ಬಂದರು, ಇಲ್ಲದಿದ್ದರೆ ಇಲ್ಲ. ಎಲ್ಲ ವಿದೇಶಿ ಧಣಿಗಳದೂ ಒಂದೇ ಗೋಳು: ಈ ಜನಕ್ಕೆ ಕೆಲಸ ಕಲಿಸುವುದು ನಾವು, ಕಲಿತದ್ದನ್ನು ಕೊಂಡೊಯ್ಯುವುದು ಎದುರುಮನೆಯವರು. ಡೆನ್ಮಾರ್ಕಿನವರ ಕಾರ್ಖಾನೆಯಲ್ಲಿ ಮಾತ್ರ ಜನ ನಿಲ್ಲುತ್ತಿದ್ದರು. ದೂರದ ಮುಖ್ಯ ಕಚೇರಿಯವರು ಇದು ನಮ್ಮ ಕಂಪನಿಯ ಸಂಸ್ಕೃತಿ ಎಂದು ಎದೆಯುಬ್ಬಿಸಿಕೊಳ್ಳುತ್ತಿದ್ದರು. ಆ ಸಂಸ್ಕೃತಿ ಬೆಳಗ್ಗೆ ಬಸ್ಸಿನಲ್ಲಿ ಬಂದು ಸಂಜೆ ಬಸ್ಸಿನಲ್ಲಿ ಹೋಗುವ, ಕುಳ್ಳಗಿನ, ನಲವತ್ತೆಂಟರ ಒಬ್ಬ ಹೆಂಗಸು ಎಂಬುದು ಅವರಿಗೆ ಗೊತ್ತಿರಲಿಲ್ಲ.

ಪು ಅಕ್ಕನ ಪದ್ಧತಿ ಅವಳು ಎಲ್ಲೂ ಓದಿ ಕಲಿತದ್ದಲ್ಲ. ನಮ್ಮವರ ಮನೆಗೆ ಹೋದ ನೆಂಟ ಊಟ ಬೇಡ ಎಂದರೆ ಹಸಿವಿಲ್ಲ ಎಂದು ಅರ್ಥವಲ್ಲ, ಇನ್ನೊಮ್ಮೆ ಕರೆಯಿರಿ ಎಂದು ಅರ್ಥ. ಹಣ್ಣಿನ ಬುಟ್ಟಿ ತಂದರೆ ಬಾಗಿಲಲ್ಲೇ ನಿಂತು ಆ ಕಡೆಯಿಂದ ಈ ಕಡೆಗೆ, ಈ ಕಡೆಯಿಂದ ಆ ಕಡೆಗೆ ಮೂರು ಸಲವಾದರೂ ತಳ್ಳಾಡಬೇಕು. ಮೊದಲ ಮಾತಿಗೇ ತೆಗೆದುಕೊಂಡವನು ಆಸೆಬುರುಕ, ಮೊದಲ ಬೇಡಕ್ಕೇ ವಾಪಸು ಒಯ್ದವನು ಜಿಪುಣ. ಕೆಲಸ ಬಿಡುವುದೂ ಹಾಗೇ ಎಂಬುದನ್ನು ಪು ಅಕ್ಕ ಕಂಡುಕೊಂಡಿದ್ದಳು. ನಿಜವಾಗಿ ಹೋಗುವವನು ಹೇಳದೆ ಹೋಗುತ್ತಾನೆ. ರಾಜೀನಾಮೆ ಬರೆದು ತಂದು ಮೇಜಿನ ಮೇಲಿಟ್ಟು ನೆಲ ನೋಡುತ್ತ ನಿಂತವನು ಹೋಗುವವನಲ್ಲ, ಬಾಗಿಲು ತಟ್ಟುತ್ತಿರುವವನು. ನಾನಿಲ್ಲಿ ಇದ್ದೇನೆ, ನಿಮಗೆ ಕಾಣಿಸುತ್ತಿದೆಯೇ ಎಂದು ಕೇಳುತ್ತಿರುವವನು.

ಹಾಗಾಗಿ ಮೂರು ಸಲ ಕೇಳಬೇಕು. ಮೊದಲ ಸಲ ಕಚೇರಿಯಲ್ಲಿ. ಕೊಟ್ಟ ಕಾಗದವನ್ನು ಬಿಚ್ಚಬಾರದು. ಚಹಾ ಬಗ್ಗಿಸಿ ಕೊಟ್ಟು, "ಮೊದ್ಲು ಕೂತ್ಕೊ, ಏನಾಯ್ತು ಹೇಳು" ಎನ್ನಬೇಕು. ಎರಡನೆಯ ಸಲ ಮಾರನೆಯ ದಿನ ಊಟದ ಸಾಲಿನಲ್ಲಿ, ಎಲ್ಲರ ಕಣ್ಣೆದುರಿಗೆ. ತಟ್ಟೆ ಹಿಡಿದು ಅವನ ಹಿಂದೆಯೇ ನಿಂತು, "ನೀನಿಲ್ದೆ ಆ ಕೆಲ್ಸ ಯಾರಪ್ಪಾ ನೋಡ್ತಾರೆ" ಎನ್ನಬೇಕು. ಮೂರನೆಯ ಸಲ ಅವನ ಮನೆಗೇ ಹೋಗಬೇಕು. ಹಣ್ಣು ಒಯ್ಯಬೇಕು. ಹೋದ ಕೂಡಲೇ ತಾಯಿಯ ಮಂಡಿನೋವು ಹೇಗಿದೆ ಎಂದು ಕೇಳಬೇಕು, ಏಕೆಂದರೆ ಈ ದೇಶದಲ್ಲಿ ಮಂಡಿ ನೋಯದ ತಾಯಿ ಇಲ್ಲ. ಕೊನೆಗೆ, "ನೀನು ಹೂಂ ಅನ್ನೋವರ್ಗೂ ನಾನು ಈ ಮೆಟ್ಲು ಇಳಿಯಲ್ಲ" ಎಂದು ಕೂತುಬಿಡಬೇಕು. ಮೊದಲ ಸಲ ಕೇಳುವುದು ಬಾಯಿ, ಎರಡನೆಯ ಸಲ ಕೇಳುವುದು ಮುಖ, ಮೂರನೆಯ ಸಲ ಕೇಳುವುದು ಮನಸ್ಸು ಎಂದು ಅವಳು ಹೇಳುತ್ತಿದ್ದಳು. ಎರಡು ಸಲ ಕೇಳಿ ಬಿಟ್ಟವನು ಕೇಳದೇ ಇದ್ದವನಿಗಿಂತ ಕಡೆ ಎಂದೂ ಹೇಳುತ್ತಿದ್ದಳು.

ಇಷ್ಟಾದರೂ ಕೆಲವರು ಹೋಗಿಯೇ ಹೋಗುತ್ತಿದ್ದರು. ಅವರಿಗೆ ಕಾಲುವೆ ದಡದ ಗು ಅತ್ತಿಗೆಯ ಹೋಟೆಲಿನಲ್ಲಿ ಬೀಳ್ಕೊಡುಗೆಯ ಊಟ ಹಾಕಿಸುವುದೂ ಪು ಅಕ್ಕನ ಕೆಲಸವೇ. ಹೋಗುವವನಿಗೆ ಏನು ಇಷ್ಟವೋ ಅದನ್ನೇ ಮಾಡಿಸುತ್ತಿದ್ದಳು. ಸಿಹಿ ಹಾಕಿ ಬೇಯಿಸಿದ ಪಕ್ಕೆಲುಬು ಯಾರಿಗೆ, ಕೆರೆಯ ಬಿಳಿ ಮೀನು ಯಾರಿಗೆ, ಖಾರ ಇಲ್ಲದಿದ್ದರೆ ಅನ್ನ ಇಳಿಯದ ಸಿಚುವಾನಿನ ಹುಡುಗ ಯಾರು, ಎಲ್ಲ ಅವಳಿಗೆ ಬಾಯಿಪಾಠ.

ಹಿಂದಿನ ಡೆನ್ಮಾರ್ಕ್ ಧಣಿ ಮುದುಕ. ಪು ಅಕ್ಕ ಹೇಳಿದ್ದಕ್ಕೆ ಹೂಂ ಎಂದು ಸುಮ್ಮನಿರುತ್ತಿದ್ದ. ಅವನು ನಿವೃತ್ತನಾದ ಮೇಲೆ ಬಂದವನು ಯೆಸ್ಪರ್. ಕಂಬದಷ್ಟು ಉದ್ದ, ನಲವತ್ತು ದಾಟದ ವಯಸ್ಸು, ಬೆಳಗ್ಗೆ ಸೈಕಲ್ಲಿನಲ್ಲಿ ಬರುವವನು. ಒಳ್ಳೆಯವನು, ಆದರೆ ಅವರ ಊರಿನಲ್ಲಿ ಹೌದು ಎಂದರೆ ಹೌದು, ಇಲ್ಲ ಎಂದರೆ ಇಲ್ಲ. ಬಂದ ಹೊಸತರಲ್ಲಿ ಲೆಕ್ಕದ ವಿಭಾಗದ ಹುಡುಗಿಯೊಬ್ಬಳು ರಾಜೀನಾಮೆ ತಂದುಕೊಟ್ಟಳು. ಅವನು ಎದ್ದು ನಿಂತು ಅವಳ ಕೈಕುಲುಕಿ, ನಿಮ್ಮ ನಿರ್ಧಾರವನ್ನು ಗೌರವಿಸುತ್ತೇನೆ, ಒಳ್ಳೆಯದಾಗಲಿ ಎಂದು ಕಳಿಸಿಬಿಟ್ಟ. ಹುಡುಗಿ ಶೌಚಾಲಯದಲ್ಲಿ ಬಾಗಿಲು ಹಾಕಿಕೊಂಡು ಮಧ್ಯಾಹ್ನದವರೆಗೆ ಅತ್ತಳು. ಅವಳಿಗೆ ಹೋಗುವ ಇರಾದೆಯೇ ಇರಲಿಲ್ಲ, ಈ ಹುಡುಗಿ ಮಾಡಿದ ಕೆಲಸವನ್ನೆಲ್ಲ ಪಕ್ಕದ ಮೇಜಿನವಳು ತಾನೇ ಮಾಡಿದ್ದು ಎಂದು ಹೇಳಿಕೊಳ್ಳುತ್ತಿದ್ದಳು, ಅದನ್ನು ಯಾರಾದರೂ ವಿಚಾರಿಸಲಿ ಎಂದಿತ್ತು. ಮೂರು ದಿನದಲ್ಲಿ ಇಡೀ ಕಾರ್ಖಾನೆ ಹೊಸ ಸಾಹೇಬನಿಗೆ ಎದೆಯಲ್ಲಿ ಕವಾಟ ಇದೆಯೇ ಹೊರತು ಹೃದಯ ಇಲ್ಲ ಎಂದು ಆಡಿಕೊಂಡಿತು.

ಆವತ್ತಿನಿಂದ ಪು ಅಕ್ಕ ಯೆಸ್ಪರನಿಗೆ ಪಾಠ ಹೇಳಿಕೊಡಲು ಶುರು ಮಾಡಿದಳು. ಅವನು ಕಲಿಯುವುದರಲ್ಲಿ ಗಟ್ಟಿಗ. ನಮ್ಮ ಭಾಷೆಯ ಆ ಮೂರು ಮಾತುಗಳನ್ನೂ ಅವಳ ಬಾಯಿಂದ ಕೇಳಿ, ಅವಳ ರಾಗದಲ್ಲೇ ಉರುಹೊಡೆದ. ಚಹಾ ಬಗ್ಗಿಸುವಾಗ ಮುಚ್ಚಳದ ಮೇಲೆ ಬೆರಳಿಡುವುದನ್ನೂ ಕಲಿತ. ಮಂಡಿಯ ವಿಷಯ ಬಂದಾಗ ಅವನಿಗೆ ನಗು. ತಾಯಿಗೆ ಮಂಡಿ ನೋವಿಲ್ಲದಿದ್ದರೆ ಏನು ಮಾಡುವುದು ಎಂದು ಕೇಳಿದ. ಆಗ ಪು ಅಕ್ಕ ತನ್ನ ತಾಯಿಯ ಕಥೆ ಹೇಳಿದ್ದಳು. ಅಮ್ಮ ರೇಷ್ಮೆ ಗಿರಣಿಯಲ್ಲಿ ಕುದಿನೀರಿಗೆ ಕೈಹಾಕಿ ಗೂಡಿನಿಂದ ನೂಲು ತೆಗೆದವಳು. ಇಡೀ ದಿನ ಒದ್ದೆ ನೆಲದ ಮೇಲೆ ನಿಂತು ನಿಂತು ಮಂಡಿ ಹಾಳಾಗಿ, ಈಗ ನಾಲ್ಕನೆಯ ಮಹಡಿಯ ಮನೆಯಿಂದ ಕೆಳಗಿಳಿಯುವುದೇ ಇಲ್ಲ ಎಂದು. ಯೆಸ್ಪರ್ ತಲೆಯಾಡಿಸಿ ಕೇಳಿಸಿಕೊಂಡಿದ್ದ.

ಆ ಮನೆಯಲ್ಲಿ ತಾಯಿ ಮಗಳು ಇಬ್ಬರೇ. ಪು ಅಕ್ಕನ ಮದುವೆ ಬಹಳ ಹಿಂದೆ ಆಗಿ, ಬಹಳ ಹಿಂದೆಯೇ ಮುರಿದಿತ್ತು. ಗಂಡ ದಕ್ಷಿಣಕ್ಕೆ ವ್ಯಾಪಾರಕ್ಕೆಂದು ಹೋದವನು ಅಲ್ಲೇ ಇನ್ನೊಂದು ಸಂಸಾರ ಹೂಡಿದ. ಹೋಗುತ್ತೇನೆ ಎಂದು ಅವನು ಒಂದು ಮಾತು ಹೇಳಿದ್ದರೆ ಅವಳು ಮೂರು ಸಲವಲ್ಲ ಮೂವತ್ತು ಸಲ ಕೇಳುತ್ತಿದ್ದಳೇನೋ. ಅವನು ಹೇಳಲಿಲ್ಲ.

ಈ ವರ್ಷ ಹಿರಿಯರ ಸಮಾಧಿ ಗುಡಿಸುವ ಹಬ್ಬ ಮುಗಿದ ವಾರದಲ್ಲಿ ತಾಯಿ ತೀರಿಕೊಂಡಳು. ಬೆಳಗಿನ ಗಂಜಿ ಕುಡಿದು, ಕಿಟಕಿಯ ಬಳಿಯ ಕುರ್ಚಿಯಲ್ಲಿ ಕೂತವಳು ಹಾಗೆಯೇ ಹೋಗಿಬಿಟ್ಟಳು. ಪು ಅಕ್ಕ ಕಾರ್ಖಾನೆಗೆ ಫೋನು ಮಾಡಿ ಮನೆಯಲ್ಲಿ ಸ್ವಲ್ಪ ಕೆಲಸವಿದೆ, ನಾಲ್ಕು ದಿನ ಬರುವುದಿಲ್ಲ ಎಂದಳು. ಯೆಸ್ಪರ್ ರಜೆಯಲ್ಲಿ ತನ್ನ ದೇಶಕ್ಕೆ ಹೋಗಿದ್ದ. ಫೋನು ಎತ್ತಿದ ಹುಡುಗಿ ಆಯ್ತು ಪು ಅಕ್ಕ ಎಂದು ಇಟ್ಟಳು. ಏನು ಕೆಲಸ ಎಂದು ಕೇಳಿದರೆ ಹೇಳೋಣ ಎಂದು ಪು ಅಕ್ಕನ ಬಾಯಲ್ಲಿ ಮಾತು ಸಿದ್ಧವಾಗಿತ್ತು. ಆ ಹುಡುಗಿ ಕೇಳಲಿಲ್ಲ.

ನೌಕರರ ಮನೆಯಲ್ಲಿ ಸಾವಾದರೆ ಕಂಪನಿಯ ಪರವಾಗಿ ಹೂಚಕ್ರ ಕಳಿಸುವುದು ಆ ಕಾರ್ಖಾನೆಯ ಪದ್ಧತಿ. ಪದ್ಧತಿ ಮಾಡಿದವಳೂ, ಪ್ರತಿ ಸಲ ಹೂವಿನಂಗಡಿಗೆ ಫೋನು ಮಾಡುವವಳೂ ಪು ಅಕ್ಕನೇ. ಅವಳು ಕಳಿಸದಿದ್ದರೆ ಇನ್ನಾರಿಗೂ ಅಂಗಡಿಯ ವಿಳಾಸ ಗೊತ್ತಿಲ್ಲ. ಇತ್ತ ಅವಳ ಮನೆಯಿರುವ, ರೇಷ್ಮೆ ಗಿರಣಿಯವರ ಹಳೆಯ ಕಟ್ಟಡದ ನೆರೆಹೊರೆಯವರಿಗೋ ಸಾವಿನ ಮನೆಯಲ್ಲಿ ಯಾರ ಯಾರ ಹೂಚಕ್ರ ಬಂದಿದೆ ಎಂದು ಓದುವುದೇ ಕೆಲಸ. ಅಷ್ಟು ವರ್ಷ ದುಡಿದ ವಿದೇಶಿ ಕಂಪನಿಯವರು ನಾಲ್ಕು ಹೂವಿಗೂ ಗತಿಯಿಲ್ಲದವರೇ ಎಂದು ಅಮ್ಮನ ಗೆಳತಿಯರು ಮುಸುಮುಸು ಆಡಿಕೊಳ್ಳುವುದು ಅವಳಿಗೆ ಸಹಿಸಲಾಗದ ಮಾತು. ಅವಳೇ ಕಂಪನಿಯ ಹೆಸರಿನಲ್ಲಿ ಹೂವಿನಂಗಡಿಗೆ ಫೋನು ಮಾಡಿದಳು. ಬಿಳಿ ಪಟ್ಟಿಯ ಮೇಲೆ ಏನು ಬರೆಯಬೇಕು ಎಂದು ಅಂಗಡಿಯವನು ಕೇಳಿದ. ಸಮಸ್ತ ಸಹೋದ್ಯೋಗಿಗಳ ಕಣ್ಣೀರಿನೊಂದಿಗೆ ಎಂದು ಬರೆಸಿದಳು. ಮಾರನೆಯ ದಿನ ನೆರೆಯವರು ಅದನ್ನು ಓದಿ ಎಷ್ಟು ಒಳ್ಳೆಯ ಜನ ಎಂದರು. ಹೌದು, ತುಂಬಾ ಒಳ್ಳೆಯವರು ಎಂದು ಪು ಅಕ್ಕ ತಲೆಬಾಗಿದಳು.

ಐದನೆಯ ದಿನ ಅವಳು ಕೆಲಸಕ್ಕೆ ಬಂದಳು. ತೋಳಿಗೆ ಸೂತಕದ ಕಪ್ಪು ಬಟ್ಟೆ ಕಟ್ಟಿಕೊಳ್ಳಲಿಲ್ಲ. ಅದು ಅವಳ ತಪ್ಪು ಎಂದೇ ನಾನು ಹೇಳುತ್ತೇನೆ. ಬಾಯಿಬಿಟ್ಟು ಹೇಳದೆ ಊರವರು ತಿಳಿದುಕೊಳ್ಳಲಿ ಎಂದರೆ ಹೇಗೆ? ಆದರೆ ಇಡೀ ಕಾರ್ಖಾನೆಯ ಮುಖ ನೋಡಿಯೇ ಯಾರ ಮನೆಯಲ್ಲಿ ಏನಾಗಿದೆ ಎಂದು ಹೇಳಬಲ್ಲವಳು ಅವಳು. ತನ್ನ ಮುಖವನ್ನೂ ಯಾರಾದರೂ ನೋಡಿಯಾರು ಎಂದು ಅವಳು ಕಾದದ್ದರಲ್ಲಿ ದುರಾಸೆಯೇನಿಲ್ಲ. ಬೇಸಿಗೆ ಕಳೆಯಿತು, ಪೀಚ್ ಹಣ್ಣಿನ ಕಾಲ ಬಂದು ಹೋಯಿತು. ಸಂಜೆ ಮನೆಗೆ ಹೋದರೆ ಒಬ್ಬಳಿಗೆ ಅನ್ನ ಮಾಡುವ ಅಳತೆ ಅವಳಿಗೆ ಸಿಗುತ್ತಿರಲಿಲ್ಲ. ಉಳಿದ ಅನ್ನವನ್ನು ಬೆಳಗ್ಗೆ ಗಂಜಿ ಮಾಡಿ, ಅಮ್ಮನ ಪಟದ ಮುಂದೆ ಒಂದು ಬಟ್ಟಲಿಟ್ಟು, ಇನ್ನೊಂದನ್ನು ತಾನು ಕುಡಿದು ಬಸ್ಸು ಹಿಡಿಯುತ್ತಿದ್ದಳು.

ಶರತ್ಕಾಲದಲ್ಲಿ ಫಾಂಗ್ ಮೇಸ್ತ್ರಿ ರಾಜೀನಾಮೆ ಕೊಟ್ಟ. ಅವನು ನದಿಯ ಉತ್ತರದ ಕಡೆಯವನು, ಕಾರ್ಖಾನೆಯ ಅತ್ಯುತ್ತಮ ಬೆಸುಗೆಗಾರ, ಮಹಾ ಒರಟ. ಜರ್ಮನಿಯವರು ಕರೆದಿದ್ದರು. ಪು ಅಕ್ಕ ಚಹಾ ಕೊಟ್ಟಳು, ಊಟದ ಸಾಲಿನಲ್ಲಿ ನಿಂತಳು, ಮೂರನೆಯ ದಿನ ಕಿತ್ತಳೆ ಹಣ್ಣಿನ ಚೀಲ ಹಿಡಿದು ಅವನ ಮನೆಗೆ ಹೋದಳು. ತಾಯಿಯ ಮಂಡಿ ವಿಚಾರಿಸಿದಳು. ಆ ಮುದುಕಿ ಸಂತೋಷದಿಂದ ಷರಾಯಿ ಮೇಲೆ ಸರಿಸಿ ಊದಿದ ಮಂಡಿಯನ್ನೇ ತೋರಿಸಿದಳು. ಕೊನೆಗೆ ಮೇಸ್ತ್ರಿ ಉಳಿಯುತ್ತೇನೆ ಎಂದ. ಬೀಳ್ಕೊಡಲು ಕೆಳಗಿನ ಗೇಟಿನವರೆಗೆ ಬಂದವನು ಸಿಗರೇಟು ಹಚ್ಚಿಕೊಂಡು ಅವಳ ಕಡೆ ಓರೆಯಾಗಿ ನೋಡಿದ.

"ಪು ಅಕ್ಕಾ, ಈ ಮಾತ್ನ ನೀನು ಎಲ್ರಿಗೂ ಹೇಳ್ತೀಯ, ನಂಗೊತ್ತು. ಆದ್ರೂ ಕೇಳಿದ್ರೆ ಹಿತ ಆಗತ್ತೆ ನೋಡು. ನಿಂಗ್ಯಾರಾದ್ರೂ ಹೇಳಿದಾರೇನು?"

"ನಾನೆಲ್ಲಿಗೆ ಹೋಗ್ತೀನಪ್ಪಾ, ನಂಗೆ ಹೇಳೋಕೆ?" ಎಂದು ಪು ಅಕ್ಕ ನಕ್ಕಳು.

"ಅದೇ ಮತ್ತೆ. ಹೋಗ್ತೀನಿ ಅಂದ್ರೆ ತಾನೇ ಹೇಳೋದು," ಎಂದು ಅವನು ಹೊಗೆ ಬಿಟ್ಟ.

ಅವನು ತಮಾಷೆಗೆ ಆಡಿದ ಮಾತು. ಆದರೆ ಬಸ್ಸಿನಲ್ಲಿ ಕೂತ ಪು ಅಕ್ಕನಿಗೆ ಅದು ಗಂಟಲಲ್ಲಿ ಸಿಕ್ಕ ಮೀನಿನ ಮುಳ್ಳಿನಂತೆ ಇಳಿಯಲೂ ಇಲ್ಲ, ಹೊರಗೆ ಬರಲೂ ಇಲ್ಲ. ಹದಿನೆಂಟು ವರ್ಷ ಊರವರನ್ನೆಲ್ಲ ಇರಿ ಇರಿ ಎಂದವಳಿಗೆ ಇರು ಎನ್ನುವವರು ಯಾರು? ದೀಪದ ಬುಡದಲ್ಲೇ ಕತ್ತಲೆ ಎಂದರೆ ಇದೇ. ಮುಂದಿನ ಸೋಮವಾರ ಅವಳು ಎರಡೇ ಸಾಲಿನ ರಾಜೀನಾಮೆ ಬರೆದಳು. ಅವಳಿಗೆ ಬೇರೆ ಯಾವ ಕಂಪನಿಯೂ ಕರೆದಿರಲಿಲ್ಲ. ಹೋಗುವ ಮನಸ್ಸು ಎಳ್ಳಷ್ಟೂ ಇರಲಿಲ್ಲ. ಮೂರು ಸಲ ಕೇಳಿಸಿಕೊಂಡು, ಮೂರನೆಯ ಸಲಕ್ಕೆ ಹೂಂ ಎಂದು, ಮಾರನೆಯ ದಿನ ಅದೇ ಬಸ್ಸು ಹಿಡಿದು ಅದೇ ಕುರ್ಚಿಗೆ ಬಂದು ಕೂರುವುದು ಅವಳ ಲೆಕ್ಕಾಚಾರ. ಇಷ್ಟು ವಯಸ್ಸಾಗಿ ಇದೇನು ಹುಡುಗಾಟ ಎಂದು ಅವಳಿಗೇ ಅನ್ನಿಸಿತು. ಅನ್ನಿಸಿದರೂ ಹೋಗಿ ಯೆಸ್ಪರನ ಮೇಜಿನ ಮೇಲಿಟ್ಟು ನೆಲ ನೋಡುತ್ತ ನಿಂತಳು.

ಯೆಸ್ಪರ್ ಅವಳನ್ನು ನೋಡಿದ. ಕಾಗದವನ್ನು ನೋಡಿದ. ಅದನ್ನು ಬಿಚ್ಚಲಿಲ್ಲ. ಎದ್ದು ಹೋಗಿ ಚಹಾ ಬಗ್ಗಿಸಿದ, ಮುಚ್ಚಳದ ಮೇಲೆ ಬೆರಳಿಟ್ಟು. "ಮೊದ್ಲು ಕೂತ್ಕೊಳ್ಳಿ, ಏನಾಯ್ತು ಹೇಳಿ" ಎಂದ, ನಮ್ಮ ಭಾಷೆಯಲ್ಲಿ, ಪು ಅಕ್ಕನದೇ ರಾಗದಲ್ಲಿ. ಗುರುವಿಗೇ ತಿರುಮಂತ್ರ. ಅವಳಿಗೆ ನಗು ಬಂತು, ನಗುವಿನ ಹಿಂದೆಯೇ ಕಣ್ಣು ತುಂಬಿತು. ತನ್ನ ಮಾತು ತನಗೇ ತಿರುಗಿ ಬರುತ್ತಿದೆ ಎಂದು ಗೊತ್ತಿದ್ದರೂ ಚಹಾ ಬಿಸಿಯಾಗಿತ್ತು, ಹಿತವಾಗಿತ್ತು. ಫಾಂಗ್ ಮೇಸ್ತ್ರಿ ಹೇಳಿದ್ದು ಸುಳ್ಳಲ್ಲ. ಅವಳು ಪದ್ಧತಿಯಂತೆ ತನಗೆ ಆಯಾಸವಾಗಿದೆ, ಹೊಸಬರಿಗೆ ಜಾಗ ಬಿಡಬೇಕು ಎಂದು ಏನೋ ಹೇಳಿ, ಇಲ್ಲ, ಮನಸ್ಸು ಮಾಡಿಯಾಗಿದೆ ಎಂದು ಎದ್ದು ಬಂದಳು. ಮೊದಲ ಸಲಕ್ಕೆ ಒಪ್ಪುವುದುಂಟೇ?

ಮಾರನೆಯ ದಿನ ಊಟದ ಸಾಲಿನಲ್ಲಿ ಅವಳ ಹಿಂದೆ ತಟ್ಟೆ ಹಿಡಿದು ಕಂಬದಂತೆ ನಿಂತಿದ್ದ ಯೆಸ್ಪರ್. ಎಲ್ಲರೂ ತಿರುಗಿ ನೋಡಿದರು. "ನೀವಿಲ್ದೆ ಆ ಕೆಲ್ಸ ಯಾರು ನೋಡ್ತಾರೆ" ಎಂದು ಅವನು ಸ್ವಲ್ಪ ಜೋರಾಗಿಯೇ ಹೇಳಿದ, ಜೋರಾಗಿ ಹೇಳಬೇಕೆಂದು ಅವಳೇ ಹೇಳಿಕೊಟ್ಟಿದ್ದಳಲ್ಲ. ಆಚೆ ಸಾಲಿನಿಂದ ಫಾಂಗ್ ಮೇಸ್ತ್ರಿ ಬಾಯಿ ತುಂಬ ಅನ್ನ ಇಟ್ಟುಕೊಂಡು ಹೆಬ್ಬೆರಳು ಎತ್ತಿ ತೋರಿಸಿದ. ಪು ಅಕ್ಕನ ಕಿವಿ ಕೆಂಪಗಾಯಿತು. ಇನ್ನೊಮ್ಮೆ ಇಲ್ಲ ಎಂದಳು, ಮೊದಲ ದಿನದಷ್ಟು ಗಟ್ಟಿಯಾಗಿ ಅಲ್ಲ. ಆ ಸಂಜೆ ಅವಳು ಸಂತೆಗೆ ಹೋಗಿ ಹಂದಿಮಾಂಸದ ಕೀಮಾ, ಹಸಿರು ಸೊಪ್ಪು, ಒಣಸೀಗಡಿ ತಂದಳು. ಮೂರನೆಯ ದಿನ ಮನೆಗೆ ಬರುವವನಿಗೆ ಏನಾದರೂ ಕೊಡಬೇಡವೇ?

ಮೂರನೆಯ ದಿನ ಕೆಲಸದಿಂದ ಬಂದು ಮನೆ ಒರೆಸಿ, ಕಡುಬು ತುಂಬಿ, ನೀರು ಕಾಯಲು ಇಟ್ಟಳು. ಕಪ್ಪು ಚೌಕಟ್ಟಿನ ಅಮ್ಮನ ಪಟ ಹೊರಕೋಣೆಯ ಕಪಾಟಿನ ಮೇಲಿತ್ತು. ಅದನ್ನು ಒಳಗಿಟ್ಟರೆ ಬಂದವನಿಗೆ ಮುಜುಗರ ತಪ್ಪುತ್ತದೆ ಎಂದು ಎರಡು ಸಲ ಕೈಗೆತ್ತಿಕೊಂಡಳು. ಅಮ್ಮನನ್ನು ಅಮ್ಮನ ಮನೆಯಲ್ಲೇ ಬಚ್ಚಿಡುವುದೇ ಎನ್ನಿಸಿ ಎರಡು ಸಲವೂ ಅಲ್ಲೇ ಇಟ್ಟಳು. ಕೊಡಬೇಕಾದ ಉತ್ತರ ಸಿದ್ಧವಾಗಿತ್ತು. ಅವನು ಮೆಟ್ಟಿಲಿನ ಮಾತು ಹೇಳುತ್ತಾನೆ, ತಾನು ನಿಟ್ಟುಸಿರು ಬಿಟ್ಟು, ನಿಮ್ಮ ಮುಖ ನೋಡಿ ಇರುತ್ತೇನೆ ಎನ್ನುವುದು. ಅದನ್ನು ಸೌಟು ಹಿಡಿದುಕೊಂಡೇ ಒಂದೆರಡು ಸಲ ಹೇಳಿ ನೋಡಿದಳು.

ಕೆಳಗಿನಿಂದ ಹೆಜ್ಜೆ ಸಪ್ಪಳ ಕೇಳಿದ ಕೂಡಲೇ ಅವಳು ಇಳಿದು ಹೋಗಿ ಎದುರುಗೊಂಡಳು. ಯೆಸ್ಪರ್ ಹಣ್ಣಿನ ಬುಟ್ಟಿ ಹೊತ್ತು ಏದುಸಿರು ಬಿಡುತ್ತ ಏರುತ್ತಿದ್ದ. ಅವಳ ಮುಖ ಕಂಡೊಡನೆ ಪಾಠ ನೆನಪಾಯಿತು ಅವನಿಗೆ.

"ನಿಮ್ಮ ತಾಯಿಯ ಮಂಡಿನೋವು ಹೇಗಿದೆ?"

ಅಮ್ಮ ತೀರಿಕೊಂಡಿದ್ದಾಳೆ ಎಂದು ಮೆಟ್ಟಿಲ ಮೇಲೆ ನಿಂತು ಹೇಳಿದರೆ ಬುಟ್ಟಿ ಹೊತ್ತು ಬಂದವನ ಮರ್ಯಾದೆ ಏನಾದೀತು? ಬಂದ ಅತಿಥಿಯ ಮುಖ ಉಳಿಸುವುದು ಮೊದಲು, ತನ್ನ ದುಃಖ ಆಮೇಲೆ. ನಮ್ಮವರಿಗೆ ಇದು ರಕ್ತದಲ್ಲೇ ಬಂದ ರೋಗ.

"ಈಗ ನೋವಿಲ್ಲ," ಎಂದಳು. "ಬನ್ನಿ, ಬನ್ನಿ. ಇಷ್ಟೆಲ್ಲ ಯಾಕೆ ತರೋಕೆ ಹೋದ್ರಿ?"

ಒಳಗೆ ಬಂದು ಬೂಟು ಬಿಚ್ಚಿ ತಲೆ ಎತ್ತಿದವನಿಗೆ ಎದುರಿಗೇ ಕಪ್ಪು ಚೌಕಟ್ಟು, ಅದರ ಮುಂದೆ ಗಂಜಿಯ ಬಟ್ಟಲು, ಊದುಬತ್ತಿಯ ಬೂದಿ ಕಂಡಿತು. ಅವನ ಮುಖದ ಬಣ್ಣ ಇಳಿದುಹೋಯಿತು. ಯಾವಾಗ ಎಂದು ಇಂಗ್ಲಿಷಿನಲ್ಲಿ ಕೇಳಿದ. ವಸಂತದಲ್ಲಿ, ನೀವು ಊರಿನಲ್ಲಿರಲಿಲ್ಲ ಎಂದಳು. ಯಾರೂ ನನಗೆ ಹೇಳಲಿಲ್ಲವಲ್ಲ ಎಂದ. ಯಾರಿಗೂ ಗೊತ್ತಿಲ್ಲ ಎಂದಳು. ಹಾಗಾದರೆ ಕಂಪನಿಯಿಂದ ಹೂವನ್ನೂ ಕಳಿಸಲಿಲ್ಲವೇ ಎಂದು ಕೇಳಿದ. ಬಂದಿತ್ತು, ದೊಡ್ಡದೇ ಬಂದಿತ್ತು ಎಂದಳು ಪು ಅಕ್ಕ. ಯಾರು ಕಳಿಸಿದ್ದು ಎಂದು ಕೇಳಹೊರಟವನಿಗೆ, ಕೇಳುವ ಮೊದಲೇ ಉತ್ತರ ಹೊಳೆದಿರಬೇಕು. ಬುಟ್ಟಿಯನ್ನು ಅವಳ ಕೈಗೆ ಕೊಡದೆ, ಒಯ್ದು ಪಟದ ಮುಂದೆ ಇಟ್ಟು, ತಲೆ ತಗ್ಗಿಸಿ ಬಹಳ ಹೊತ್ತು ನಿಂತ. ಇದನ್ನು ಅವಳು ಹೇಳಿಕೊಟ್ಟಿರಲಿಲ್ಲ.

ಪು ಅಕ್ಕ ಕಡುಬು ಬಡಿಸಿದಳು. ಅವನು ತಿಂದ. ಊಟದ ಕಡ್ಡಿ ಕೆಳಗಿಟ್ಟ ಮೇಲೆ ಅವನು ಗಂಟಲು ಸರಿಮಾಡಿಕೊಂಡ. ಈಗ ಬಂತು ಎಂದು ಅವಳು ಕೈ ಮಡಿಸಿ ಮಡಿಲಲ್ಲಿಟ್ಟುಕೊಂಡಳು.

"ಒಂದು ಮಾತು ಹೇಳ್ಬೇಕು," ಎಂದ ಅವನು, ಇಂಗ್ಲಿಷಿನಲ್ಲೇ, ನಿಧಾನವಾಗಿ. "ನಾನಿಲ್ಲಿಗೆ ಪಾಠ ಒಪ್ಪಿಸೋಕೆ ಬಂದಿದ್ದೆ. ಚಹಾ, ಊಟದ ಸಾಲು, ಮಂಡಿ, ಎಲ್ಲ ನಿಮ್ಮದೇ ಮಾತು. ನಿಮ್ಮ ತಾಯಿ ಇಲ್ಲ ಅನ್ನೋದು ಗೊತ್ತಿಲ್ದೆ ಅವರ ಮಂಡಿ ಕೇಳ್ದೆ. ನನಗೆ ನಾಚಿಕೆ ಆಗ್ತಿದೆ. ಇನ್ನೊಂದು ಮಾತು ಬಾಕಿ ಇದೆ, ಅದು ನಿಮಗೂ ಗೊತ್ತು. ಅದನ್ನ ನಾನು ಹೇಳಲ್ಲ. ಬೇರೆಯವರ ಹತ್ರ ಆಡಿದ ಹಾಗೆ ನಿಮ್ಮ ಹತ್ರ ಆಟ ಆಡೋಕೆ ನನಗೆ ಮನಸ್ಸು ಬರಲ್ಲ. ನಿಮಗೆ ಆಯಾಸ ಆಗಿದೆ ಅಂದ್ರಿ. ಈಗ ಅರ್ಥ ಆಯ್ತು. ನೀವು ಹೋಗ್ಬೇಕು ಅಂದ್ರೆ, ನಾನು ತಡೆಯಲ್ಲ."

ಒಲೆಯ ಮೇಲೆ ಕಡುಬಿನ ನೀರು ಇನ್ನೂ ಕುದಿಯುತ್ತಿತ್ತು. ಹದಿನೆಂಟು ವರ್ಷದಲ್ಲಿ ಅವಳ ಹತ್ತಿರ ಯಾರಾದರೂ ನಿಜವಾದ ಮಾತು ಆಡಿದ್ದರೆ ಅದು ಇದೊಂದೇ, ಅದು ಅವಳಿಗೆ ಗೊತ್ತಾಯಿತು. ಆದರೆ ಅವಳಿಗೆ ಬೇಕಾಗಿದ್ದದ್ದು ನಿಜವಲ್ಲ, ಆ ಮಾತು. ಉರುಹೊಡೆದದ್ದಾದರೂ ಸರಿ, ಅವಳದೇ ರಾಗವಾದರೂ ಸರಿ. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ.

ಕೇಳಿ, ನಾನು ಇರುತ್ತೇನೆ ಎಂದು ಅವಳೇ ಹೇಳಬಹುದಿತ್ತಲ್ಲ ಎಂದು ನೀವು ಅನ್ನಬಹುದು. ಯೆಸ್ಪರನ ದೇಶದವಳಾಗಿದ್ದರೆ ಹೇಳುತ್ತಿದ್ದಳು. ನಮ್ಮಲ್ಲಿ ಬೇಡಿ ಹಾಕಿಸಿಕೊಂಡ ಊಟ ಊಟವಲ್ಲ, ಬೇಡಿ ಕರೆಸಿಕೊಂಡ ಕರೆ ಕರೆಯಲ್ಲ. "ತುಂಬಾ ಥ್ಯಾಂಕ್ಸ್," ಎಂದಳು. "ಇನ್ನೆರಡು ಕಡುಬು ಹಾಕ್ತೀನಿ." ಅವನು ಸಾಕು ಎಂದ. ಇನ್ನೊಮ್ಮೆ ಹೇಳಿದಳು, ಸಾಕು ಎಂದ. ಮೂರನೆಯ ಸಲ ಹೇಳಿ ಬಡಿಸಿಯೇಬಿಟ್ಟಳು.

ಪದ್ಧತಿಯಂತೆ ಅವನನ್ನು ಕೆಳಗಿನ ಗೇಟಿನವರೆಗೆ ಕಳಿಸಿಕೊಟ್ಟಳು. ಒಂದೊಂದು ಅಂತಸ್ತಿನಲ್ಲೂ ಅವನು ನಿಂತು ತಿರುಗಿ ನೋಡಿದಾಗ ಈಗ ಹೇಳುತ್ತಾನೇನೋ ಎನಿಸುತ್ತಿತ್ತು. ಅವನು ದೀಪ ಮಂಕಾಗಿದೆ, ಜೋಪಾನ ಎಂದು ಮಾತ್ರ ಹೇಳಿದ. ಗೇಟಿನಲ್ಲಿ ಅವಳ ಕೈಯನ್ನು ತನ್ನ ಎರಡೂ ಕೈಯಲ್ಲಿ ಹಿಡಿದು, ನಿಮ್ಮಂಥವರು ನನಗೆ ಸಿಕ್ಕಿದ್ದು ಪುಣ್ಯ ಎಂದ. ಅವನ ಕಣ್ಣು ಒದ್ದೆಯಾಗಿತ್ತು. ಪಾಪ, ಅವನು ಜೀವನದಲ್ಲಿ ಮಾಡಿದ ಅತ್ಯಂತ ಮರ್ಯಾದೆಯ ಕೆಲಸ ಇದೇ ಎಂದು ಭಾವಿಸಿಕೊಂಡು ಸೈಕಲ್ಲು ಹತ್ತಿ ಹೋದ. ಅವಳು ಸೈಕಲ್ಲಿನ ಕೆಂಪು ದೀಪ ತಿರುವಿನಲ್ಲಿ ಮರೆಯಾಗುವವರೆಗೂ ಕೈಬೀಸುತ್ತ ನಿಂತಿದ್ದಳು.

ಮರುವಾರದ ಸೋಮವಾರ ಅವಳು ತನ್ನ ಕಾಗದಕ್ಕೆ ತಾನೇ ಮೊಹರು ಒತ್ತಿದಳು. ಫಾಂಗ್ ಮೇಸ್ತ್ರಿ ಬಂದು ಏನಕ್ಕಾ ಇದು, ಸಾಹೇಬ್ರು ಮನೆಗೂ ಬಂದಿದ್ರಂತಲ್ಲ ಎಂದು ಕೇಳಿದ. ಬಂದಿದ್ದರು, ನಾನೇ ಗಟ್ಟಿ ಮನಸ್ಸು ಮಾಡಿದೆ ಎಂದಳು. ಯೆಸ್ಪರನ ಮುಖ ಉಳಿಯಬೇಕಲ್ಲ. ಮೇಸ್ತ್ರಿ, ನೀನು ಭಾರೀ ಹಠಮಾರಿ ಕಣಕ್ಕಾ ಎಂದು ಮೆಚ್ಚುಗೆಯಿಂದ ತಲೆಯಾಡಿಸಿ ಹೋದ. ಇಡೀ ಕಾರ್ಖಾನೆಗೆ ಅದೇ ಸುದ್ದಿ ಹಬ್ಬಿತು. ಪು ಅಕ್ಕನ್ನ ಮೂರು ಸಲ ಕೇಳಿದರಂತೆ, ಅವಳೇ ಬಗ್ಗಲಿಲ್ಲವಂತೆ.

ಒಂದು ಕೆಲಸ ಬಾಕಿ ಇತ್ತು. ಅದನ್ನು ಮಾಡುವವರು ಬೇರೆ ಯಾರೂ ಇರಲಿಲ್ಲ. ಊಟದ ವಿರಾಮದಲ್ಲಿ ಬಾಗಿಲು ಹಾಕಿಕೊಂಡು ಅವಳು ಗು ಅತ್ತಿಗೆಯ ಹೋಟೆಲಿಗೆ ಫೋನು ಮಾಡಿ, ಶುಕ್ರವಾರಕ್ಕೆ ಎರಡು ದುಂಡು ಮೇಜು ಬೇಕು, ಬೀಳ್ಕೊಡುಗೆಯ ಊಟ ಎಂದಳು.

"ಯಾರನ್ನ ಕಳ್ಕೊಂಡ್ಯೇ ಈ ಸಲ?" ಎಂದಳು ಗು ಅತ್ತಿಗೆ. ಹಿಂದೆ ಬಾಣಲೆಯ ಸದ್ದು.

"ನಮ್ಮ ಆಫೀಸಿನವಳೇ ಒಬ್ಳು. ಹಳಬಳು."

"ಮೂರು ಸಲ ಕೇಳ್ಬೇಕು ಅಂತ ಊರಿಗೆಲ್ಲ ಹೇಳ್ತೀಯ. ನಿನ್ನ ಮೂಗಿನ ಕೆಳಗೆ ಇದ್ದವಳನ್ನ ಕೇಳಿದ್ಯೋ ಇಲ್ವೋ?"

"ಎರಡು ಸಲ ಕೇಳಿದ್ರು ಅತ್ತಿಗೆ. ಮೂರನೇ ಸಲ ಮನೆವರ್ಗೂ ಬಂದ್ರು. ಕೇಳೋಕೆ ಮನಸ್ಸು ಬರ್ಲಿಲ್ವಂತೆ."

"ಅಯ್ಯೋ, ಅದೆಂಥಾ ಜನವೋ," ಎಂದಳು ಗು ಅತ್ತಿಗೆ. "ಹೋಗ್ಲಿ ಬಿಡು, ಹೊಟ್ಟೆ ತುಂಬ ಉಂಡಾದ್ರೂ ಹೋಗ್ಲಿ. ಅವಳಿಗೇನಿಷ್ಟ ಹೇಳು, ಅದನ್ನೇ ಮಾಡಿಸ್ತೀನಿ."

ಪು ಅಕ್ಕ ಫೋನು ಹಿಡಿದು ಯೋಚಿಸಿದಳು. ಕಾರ್ಖಾನೆಯ ಒಬ್ಬೊಬ್ಬರ ಬಾಯಿರುಚಿಯೂ ಸಾಲಾಗಿ ನೆನಪಿಗೆ ಬಂತು, ಮನೆಯಲ್ಲಿ ಅಮ್ಮನಿಗೆ ಮೆತ್ತಗೆ ಬೇಯಿಸುತ್ತಿದ್ದ ಅಡಿಗೆಯೂ ಬಂತು. ಅತ್ತ ಕಡೆ ಗು ಅತ್ತಿಗೆ, ಏನೇ, ಕೇಳಿಸ್ತೇನೇ ಎನ್ನುತ್ತಿದ್ದಳು.

"ಗೊತ್ತಿಲ್ಲ ಅತ್ತಿಗೆ," ಎಂದಳು ಪು ಅಕ್ಕ. "ಅವಳನ್ನ ಯಾರೂ ಕೇಳಿರ್ಲಿಲ್ಲ."